ಮೊದಲು ಕಾಲಿಗೆ ಬುದ್ಧಿ ಹೇಳು

ಅಳಿಯಾ, ನೀನು ಕಳಿಸಿದ ಪಟ್ಟಿ ನೋಡಿದೆ. ನಾಲ್ಕು ಜನ ಗೆಳೆಯರು, ನಾಲ್ಕು ದಿನ, ಎಂಟು ರೌಂಡು ಗಾಲ್ಫ್. ಯಾವ ಹೊತ್ತಿಗೆ ಯಾವ ಟೀ, ಯಾರ ಜತೆ ಯಾರ ಜೋಡಿ, ಸೋತವರು ಗೆದ್ದವರಿಗೆ ಏನು ಕುಡಿಸಬೇಕು, ಎಲ್ಲವೂ ಬಣ್ಣ ಬಣ್ಣದ ಕಾಲಂಗಳಲ್ಲಿ ಇದೆ. ಒಂದು ಕಾಲಂ ಮಾತ್ರ ಮರೆತಿದ್ದೀಯ. ಕಾಲಿನದು.

ನೀವು ಹೊರಟಿರುವುದು ಅಮೆರಿಕದ ಆರೆಗಾನ್‌ನ ಬ್ಯಾಂಡನ್ ಡ್ಯೂನ್ಸ್ ರೆಸಾರ್ಟಿಗೆ. ಅಲ್ಲಿ ಬ್ಯಾಟರಿ ಗಾಡಿ ಇಲ್ಲ. ದುಡ್ಡು ಕೊಡುತ್ತೇನೆ ಎಂದರೂ ಇಲ್ಲ. ಹದಿನೆಂಟು ಕುಳಿ ಮುಗಿಸಲು ಹತ್ತು ಕಿಲೋಮೀಟರ್ ನಡೆಯಬೇಕು. ನಿನ್ನ ಹಾಗೆ ಚೆಂಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಡೆಯುವವರಿಗೆ ಇನ್ನೂ ಒಂದೆರಡು ಹೆಚ್ಚು. ಎಂಟು ರೌಂಡು ಅಂದರೆ ಬೆಂಗಳೂರಿನಿಂದ ಮದ್ದೂರಿಗೆ ನಡೆದ ಲೆಕ್ಕ, ಅದೂ ಮರಳುದಿಬ್ಬ ಹತ್ತಿ ಇಳಿದು, ಎದುರುಗಾಳಿಯಲ್ಲಿ. ಮದ್ದೂರಿನಲ್ಲಾದರೆ ಕೊನೆಗೆ ವಡೆಯಾದರೂ ಸಿಗುತ್ತದೆ.

ನಾನೂ ಇದೇ ತಪ್ಪು ಮಾಡಿದವನು. ನಿವೃತ್ತಿಯಾದ ವರ್ಷ ಮೂವರು ಹಳೆಯ ಸಹೋದ್ಯೋಗಿಗಳ ಜತೆ ಹೋಗಿದ್ದೆ. ಇಷ್ಟು ದೂರ ಬಂದಿದ್ದೇವೆ, ಒಂದು ಗಂಟೆಯೂ ವ್ಯರ್ಥವಾಗಬಾರದು ಎಂಬ ಹಟ. ಹೊರಡುವ ಹಿಂದಿನ ವಾರ ದುಬಾರಿ ಶೂ ಕೊಂಡಿದ್ದೆ; ಅಂಗಡಿಯ ಕಾರ್ಪೆಟ್ ಮೇಲೆ ಹತ್ತು ಹೆಜ್ಜೆ ಹಾಕಿ ನೋಡಿದ್ದೇ ಅದರ ಪರೀಕ್ಷೆ. ಮೊದಲ ದಿನವೇ ಮೂವತ್ತಾರು ಕುಳಿ ಆಡಿದೆವು. ಸಂಜೆ ಕಾಲುಚೀಲ ಕಳಚಿದರೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಎರಡನೆಯ ದಿನ ಬ್ಯಾಂಡೇಜು ಸುತ್ತಿಕೊಂಡು ಕುಂಟಿದೆ. ಮೂರನೆಯ ದಿನಕ್ಕೆಂದು ಪೆಸಿಫಿಕ್ ಡ್ಯೂನ್ಸ್ ಕೋರ್ಸನ್ನು ಹಬ್ಬದೂಟದ ಪಾಯಸದಂತೆ ಉಳಿಸಿಕೊಂಡಿದ್ದೆ. ಅಂದು ಶೂ ಒಳಗೆ ಕಾಲೇ ಹೋಗಲಿಲ್ಲ. ಗೆಳೆಯರು ಆಡಿದರು, ನಾನು ಕ್ಲಬ್‌ಹೌಸಿನ ಕಿಟಕಿಯ ಪಕ್ಕ ಚಪ್ಪಲಿ ಹಾಕಿಕೊಂಡು ಕೂತು ಮೂರು ಕಪ್ ಕಾಫಿ ಕುಡಿದೆ. ಆ ಹದಿನಾರು ಗಂಟೆ ವಿಮಾನಯಾನ ನಾನು ಮಾಡಿದ್ದು ಆ ಕಾಫಿಗಾಗಿ ಅಂತ ನಿಮ್ಮತ್ತೆ ಇವತ್ತಿಗೂ ಹೇಳುತ್ತಾಳೆ.

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುತ್ತಾರಲ್ಲ, ಅವರನ್ನು ಕೇಳು. ಹೊಸ ಚಪ್ಪಲಿ ಮೆಟ್ಟಿ ಯಾರೂ ಹೊರಡುವುದಿಲ್ಲ. ಸವೆದು ಪಾದದ ಆಕಾರಕ್ಕೆ ಬಂದದ್ದೇ ಬೇಕು. ಬಗಲಲ್ಲಿ ಕೊಬ್ಬರಿ ಎಣ್ಣೆ, ಇನ್ನೊಂದು ಜೊತೆ ಒಣ ಬಟ್ಟೆ. ಗಾಲ್ಫ್ ಪುಸ್ತಕಗಳು ನನಗೆ ಕಲಿಸದ್ದನ್ನು ಶಿರಾಡಿ ಘಾಟಿ ಇಳಿಯುವ ಆ ಜನ ಎಂದೋ ಕಲಿತುಬಿಟ್ಟಿದ್ದಾರೆ. ನೀನು ಎರಡು ಜೊತೆ ಶೂ ಒಯ್ಯು, ದಿನ ಬಿಟ್ಟು ದಿನ ಬದಲಿಸು, ರಾತ್ರಿ ಒಳಗೆ ಹಳೆಯ ಪೇಪರ್ ತುರುಕಿ ಒಣಗಿಸು. ಕಾಲುಚೀಲ ಹತ್ತಿಯದು ಬೇಡ, ಉಣ್ಣೆಯದಿರಲಿ. ಒಂಬತ್ತನೆಯ ಕುಳಿ ಮುಗಿದ ಮೇಲೆ ಕಾಲುಚೀಲ ಬದಲಿಸುವವನನ್ನು ನೋಡಿ ನಿನ್ನ ಗೆಳೆಯರು ನಕ್ಕರೆ ನಗಲಿ. ಮೂರನೆಯ ದಿನ ಯಾರು ನಗುತ್ತಾರೆ ನೋಡೋಣ.

ಇನ್ನು ಅಭ್ಯಾಸ. ಈಗಿನಿಂದ ಹೊರಡುವವರೆಗೆ ನಿನ್ನ ಕೈಯಲ್ಲಿ ಹತ್ತು ವಾರ ಇದೆ. ಡ್ರೈವಿಂಗ್ ರೇಂಜಿನಲ್ಲಿ ಬುಟ್ಟಿಗಟ್ಟಲೆ ಚೆಂಡು ಹೊಡೆಯುವುದನ್ನು ಕಡಿಮೆ ಮಾಡಿ ನಡೆ. ವಾರಕ್ಕೆ ಎರಡು ಸಲವಾದರೂ ನಿನ್ನ ಊರಿನ ಕೋರ್ಸಿನಲ್ಲಿ ಗಾಡಿ ಬಿಟ್ಟು ಬ್ಯಾಗ್ ಹೊತ್ತು ಆಡು. ಒಂದು ಶನಿವಾರ ಬೆಳಿಗ್ಗೆ ಆಡಿ, ಭಾನುವಾರ ಮತ್ತೆ ಆಡು. ಒಂದು ದಿನ ನಡೆಯುವುದು ದೊಡ್ಡದಲ್ಲ, ಮರುದಿನ ಎದ್ದು ಮತ್ತೆ ನಡೆಯುವುದಿದೆಯಲ್ಲ, ಪರೀಕ್ಷೆ ಅದು. ಓಡಿಹೋಗುವವನನ್ನು ಕಾಲಿಗೆ ಬುದ್ಧಿ ಹೇಳಿದ ಅನ್ನುತ್ತೇವೆ. ನೀನು ನಿಜವಾಗಿ ಕಾಲಿಗೆ ಬುದ್ಧಿ ಹೇಳಬೇಕಾದ ಸಮಯ ಇದು.

ಪಟ್ಟಿಯ ಬಗ್ಗೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಎಂಟನ್ನು ಐದಕ್ಕೆ ಇಳಿಸು. ಅಲ್ಲಿ ದೊಡ್ಡ ಕೋರ್ಸುಗಳೇ ಐದು: 1999ರಲ್ಲಿ ತೆರೆದ ಬ್ಯಾಂಡನ್ ಡ್ಯೂನ್ಸ್, 2001ರ ಪೆಸಿಫಿಕ್ ಡ್ಯೂನ್ಸ್, 2005ರ ಬ್ಯಾಂಡನ್ ಟ್ರೇಲ್ಸ್, 2010ರ ಓಲ್ಡ್ ಮ್ಯಾಕ್‌ಡೊನಾಲ್ಡ್, 2020ರ ಶೀಪ್ ರಾಂಚ್. ಒಂದೊಂದನ್ನು ಒಂದೊಂದು ಸಲ ಆಡಿದರೆ ಸಾಕು. ನಾಲ್ಕು ದಿನದಲ್ಲಿ ಒಂದೇ ದಿನ ಎರಡು ಬೀಳುತ್ತದೆ. ಉಳಿದ ಸಂಜೆಗಳಿಗೆ ಪ್ರಿಸರ್ವ್ ಎಂಬ ಹದಿಮೂರು ಕುಳಿಯ ಚಿಕ್ಕ ಕೋರ್ಸಿದೆ, ಎಲ್ಲವೂ ಪಾರ್ ಮೂರು. ಎರಡು ಮೂರು ಕ್ಲಬ್ಬು ಕೈಯಲ್ಲಿ ಹಿಡಿದು, ಹರಟೆ ಹೊಡೆಯುತ್ತ ಸಮುದ್ರದ ಕಡೆ ಇಳಿಯಬಹುದು. ಜೂನಿನಲ್ಲಿ ಹೋದರೆ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಆ ಬೆಳಕೇ ಆಸೆ ಹುಟ್ಟಿಸುವುದು, ಇನ್ನೊಂದು ಆಡೋಣ ಅಂತ. ನನ್ನ ಹಿಮ್ಮಡಿಯನ್ನು ನೆನೆಸಿಕೋ.

ಕೋರ್ಸುಗಳ ಕ್ರಮವೂ ಮುಖ್ಯ. ಟ್ರೇಲ್ಸ್ ಕೋರ್ಸು ಮರಳಿನಿಂದ ಶುರುವಾಗಿ ಕಾಡಿನೊಳಗೆ ಹೋಗುತ್ತದೆ, ಏರುಪೇರು ಹೆಚ್ಚು. ಹದಿಮೂರನೆಯ ಗ್ರೀನಿನಿಂದ ಹದಿನಾಲ್ಕನೆಯ ಟೀಗೆ ಏರಲು ಅವರೇ ವಾಹನ ಇಟ್ಟಿದ್ದಾರೆ ಅಂದ ಮೇಲೆ ನೀನೇ ಅರ್ಥಮಾಡಿಕೋ. ಸಂಕೋಚಪಡದೆ ಹತ್ತಿ ಕೂರು. ಕಾಲು ಹೊಸದಾಗಿರುವಾಗ ಅದನ್ನು ಮುಗಿಸು. ಗಾಳಿ ಕಾಡಿನೊಳಗೆ ಅಷ್ಟಾಗಿ ನುಗ್ಗುವುದಿಲ್ಲವಾದ್ದರಿಂದ, ಕಡಲ ಗಾಳಿ ಹುಚ್ಚೆದ್ದ ದಿನ ಅಲ್ಲಿಗೆ ಬದಲಿಸಿಕೊಳ್ಳಲಾಗುತ್ತದೆಯೇ ಅಂತಲೂ ಕೇಳಿ ನೋಡು. ಶೀಪ್ ರಾಂಚ್‌ನಲ್ಲಿ ಒಂದೇ ಒಂದು ಮರಳಿನ ಬಂಕರ್ ಇಲ್ಲ. ಗಾಳಿ ಮರಳನ್ನು ಅಲ್ಲಿ ನಿಲ್ಲಲು ಬಿಡುವುದಿಲ್ಲ, ಅದಕ್ಕೇ ಅದನ್ನು ರೂಪಿಸಿದ ಕೂರ್ ಮತ್ತು ಕ್ರೆನ್‌ಶಾ ಹುಲ್ಲುಗುಂಡಿಗಳನ್ನೇ ಬಿಟ್ಟರು. ಒಂಬತ್ತು ಗ್ರೀನುಗಳು ಕಡಲ ಬಂಡೆಯಂಚಿಗೆ ಇವೆ. ಪೆಸಿಫಿಕ್ ಡ್ಯೂನ್ಸನ್ನು ಮಾತ್ರ ಕೊನೆಗೆ ಇಡಬೇಡ. ಪಾಯಸ ಮಧ್ಯದಲ್ಲೇ ಬಡಿಸಿಕೊಂಡುಬಿಡು.

ಈ ಗಾಳಿಯ ವಿಷಯ ಸುಮ್ಮನೆ ಹೇಳಿದ್ದಲ್ಲ. ಬೇಸಿಗೆಯಲ್ಲಿ ಬಡಗಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ತೆಂಕಣದಿಂದ, ಮಳೆಯನ್ನೂ ಹೊತ್ತುಕೊಂಡು. ಚಳಿಗಾಲದಲ್ಲಿ ದರ ಇಳಿಯುತ್ತದೆ ಎಂದು ನಿನ್ನ ಗೆಳೆಯರಲ್ಲಿ ಯಾರೋ ಲೆಕ್ಕ ಹಾಕಿರುತ್ತಾನೆ. ಆಗುಂಬೆಯ ಜುಲೈ ನೋಡಿದವನಾದರೆ ಬರಲಿ. ನಿಜವಾಗಿ ಚೆನ್ನಾಗಿರುವುದು ಸೆಪ್ಟೆಂಬರ್, ಅಕ್ಟೋಬರಿನ ಮೊದಲ ಭಾಗ. ಬೇಸಿಗೆಯಲ್ಲೂ ಸ್ವೆಟರ್ ಬೇಕು, ಮಳೆಯಂಗಿ ಬೇಕು. ಕ್ಯಾಲಿಫೋರ್ನಿಯಾದ ಪಕ್ಕದ ರಾಜ್ಯ ಅಂದುಕೊಂಡು ಅರ್ಧ ತೋಳಿನ ಅಂಗಿ ತುಂಬಿಕೊಂಡು ಹೋಗಬೇಡ.

ಆ ಗಾಳಿಯಲ್ಲಿ ಚೆಂಡನ್ನು ಆಕಾಶಕ್ಕೆ ಎತ್ತುವವನು ಕೆಟ್ಟ. ಅಲ್ಲಿಯ ಫೆಸ್ಕ್ಯೂ ಹುಲ್ಲಿನ ಕೆಳಗೆ ಮರಳು, ನೆಲ ಗಟ್ಟಿ, ಚೆಂಡು ಉರುಳಿಕೊಂಡು ಹೋಗುತ್ತದೆ. ಗ್ರೀನಿನಿಂದ ಮೂವತ್ತು ಗಜ ಹೊರಗಿದ್ದರೂ ಪಟರ್ ತೆಗೆ. ಮೊದಮೊದಲು ಅವಮಾನ ಅನ್ನಿಸುತ್ತದೆ. ಆಮೇಲೆ ಗೋಲಿಯಾಡಿದ ದಿನಗಳು ನೆನಪಾಗಿ ಖುಷಿಯಾಗುತ್ತದೆ.

ಹಾಗೆಯೇ ಗೋರ್ಸ್ ಎಂಬ ಪೊದೆ. ಹಳದಿ ಹೂ, ಮೈಯೆಲ್ಲ ಮುಳ್ಳು, ಒಳಗೆ ಎಣ್ಣೆ. ಐರ್ಲೆಂಡಿನಿಂದ ಬಂದ ವಲಸಿಗನೊಬ್ಬ ಊರ ನೆನಪಿಗೆ ತಂದು ನೆಟ್ಟದ್ದು, ನಮ್ಮ ಲಂಟಾನದ ಹಾಗೆ ಊರನ್ನೇ ಆವರಿಸಿತು. 1936ರಲ್ಲಿ ಅದಕ್ಕೆ ಬೆಂಕಿ ತಗುಲಿ ಬ್ಯಾಂಡನ್ ಪಟ್ಟಣ ಬಹುಪಾಲು ಸುಟ್ಟುಹೋಯಿತು. ಮೈಕ್ ಕೈಸರ್ ಎಂಬ ಶಿಕಾಗೋದ ಮನುಷ್ಯ, ಮರುಬಳಕೆ ಕಾಗದದಲ್ಲಿ ಶುಭಾಶಯ ಪತ್ರ ಮಾಡಿ ಮಾರಿ ಶ್ರೀಮಂತನಾದವನು, ಈ ಪೊದೆ ತುಂಬಿದ ಜಮೀನನ್ನು ಕೊಂಡು, ಹೆಸರೇ ಕೇಳಿರದ ಸ್ಕಾಟ್ ಯುವಕ ಡೇವಿಡ್ ಮೆಕ್‌ಲೇ ಕಿಡ್‌ನ ಕೈಗೆ ಮೊದಲ ಕೋರ್ಸು ಮಾಡಲು ಕೊಟ್ಟ. ಊರಿಂದ ಇಷ್ಟು ದೂರ, ಗಾಡಿಯೂ ಇಲ್ಲ, ಯಾರು ಬರುತ್ತಾರೆ ಅಂದವರೇ ಹೆಚ್ಚು. ಈಗ ಒಂದು ವರ್ಷ ಮುಂಚೆ ಕೇಳಿದರೂ ಕೋಣೆ ಸಿಕ್ಕುವುದು ಕಷ್ಟ. ಇರಲಿ. ಗೋರ್ಸ್ ಒಳಗೆ ಹೋದ ಚೆಂಡನ್ನು ಅದಕ್ಕೇ ಬಿಟ್ಟು ಬಾ ಅಂತ ಹೇಳಲು ಇಷ್ಟೆಲ್ಲ ಹೇಳಿದೆ.

ಬ್ಯಾಗ್ ಯಾರು ಹೊರಬೇಕು? ಮೂರು ದಾರಿ ಇವೆ. ನೀನೇ ಹೊರಬಹುದು, ಆದರೆ ಅರ್ಧ ಡಜನ್ ಚೆಂಡು, ಛತ್ರಿ, ನೀರು ಸೇರಿ ಹತ್ತು ಕಿಲೋ ಮೀರುತ್ತದೆ. ಹದಿನಾಲ್ಕು ಕ್ಲಬ್ಬು ಇಟ್ಟುಕೊಳ್ಳಬಹುದು ಎಂಬುದು ನಿಯಮ, ಇಟ್ಟುಕೊಳ್ಳಲೇಬೇಕು ಎಂದಲ್ಲ. ನಾಲ್ಕನ್ನು ಮನೆಯಲ್ಲೇ ಬಿಟ್ಟುಹೋದರೆ ನಿನ್ನ ಆಟಕ್ಕೆ ನಷ್ಟವೇನೂ ಇಲ್ಲ. ತಳ್ಳುಗಾಡಿಯೂ ಸಿಗುತ್ತದೆ, ಸೊಪ್ಪಿನವನ ನೆನಪಾಗುತ್ತದೆ, ಬೆನ್ನಿಗೆ ಹಿತ. ಆದರೆ ಮೊದಲ ಎರಡು ದಿನವಾದರೂ ಕ್ಯಾಡಿ ಇಟ್ಟುಕೋ. ದಿಬ್ಬದಾಚೆ ಏನಿದೆ, ಈ ಗಾಳಿಗೆ ಎಷ್ಟು ಗಜ ಸೇರಿಸಬೇಕು, ಓಲ್ಡ್ ಮ್ಯಾಕ್‌ಡೊನಾಲ್ಡ್‌ನ ಹೊಲದಷ್ಟು ದೊಡ್ಡ ಗ್ರೀನಿನಲ್ಲಿ ಚೆಂಡು ಯಾವ ಕಡೆ ವಾಲುತ್ತದೆ, ಅವನಿಗೆ ಗೊತ್ತು. ಒಬ್ಬನೇ ಎರಡು ಬ್ಯಾಗ್ ಹೊರುವುದೂ ಉಂಟು, ಹಂಚಿಕೊಳ್ಳಿ. ಅವನ ಕೂಲಿ, ಭಕ್ಷೀಸು ಆಟದ ಶುಲ್ಕದಲ್ಲಿ ಸೇರಿರುವುದಿಲ್ಲ, ಕೈಗೇ ಕೊಡಬೇಕು. ನೋಟು ಇಟ್ಟುಕೊಂಡಿರು. ಅಲ್ಲಿ ನಿಂತು ಚೌಕಾಸಿ ಮಾಡಿ ನಮ್ಮ ಮಾನ ಕಳೆಯಬೇಡ.

ಕ್ಯಾಡಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡ. ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು, 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಒಂದೇ ಹೊಡೆತದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವಳಾದಾಗ ಬ್ಯಾಗ್ ಹೊತ್ತು ನಡೆದದ್ದು ಅವಳ ಅಮ್ಮ.

ನಿಮ್ಮ ನಾಲ್ವರಲ್ಲಿ ಒಬ್ಬನಿಗೆ ಮೊಣಕಾಲು ಶಸ್ತ್ರಚಿಕಿತ್ಸೆ ಆಗಿದೆ ಅಂದೆಯಲ್ಲ, ಅವನನ್ನು ಬಿಟ್ಟು ಹೋಗುವ ಮಾತು ಬೇಡ. ಅಂಗವೈಕಲ್ಯವಿರುವವರಿಗೆ, ವೈದ್ಯರ ದಾಖಲೆ ಇದ್ದರೆ, ಅಲ್ಲಿ ಗಾಡಿಗೆ ಅವಕಾಶವಿದೆ. ಅವನ ಸ್ಥಿತಿಗೆ ಒಪ್ಪುತ್ತಾರೋ ಇಲ್ಲವೋ ಮುಂಚೆಯೇ ಬರೆದು ಕೇಳಲಿ. ಹೋಗಿ ನಿಂತು ಕೇಳುವುದಲ್ಲ. ಅವನು ನಾಚಿಕೊಂಡರೆ ಕೇಸಿ ಮಾರ್ಟಿನ್ ಕತೆ ಹೇಳು. ಇದೇ ಆರೆಗಾನ್ ರಾಜ್ಯದ ಹುಡುಗ. ಹುಟ್ಟಿನಿಂದಲೇ ಬಲಗಾಲಿನಲ್ಲಿ ರಕ್ತ ಸಂಚಾರದ ತೊಂದರೆ, ನಡೆದರೆ ಪ್ರಾಣ ಹೋಗುವ ನೋವು. ಗಾಡಿ ಬೇಕು ಅಂದ, ಪಿಜಿಎ ಟೂರ್ ಒಪ್ಪಲಿಲ್ಲ, ನಡೆಯುವುದೂ ಆಟದ ಭಾಗ ಅಂದಿತು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ ಏಳು ನ್ಯಾಯಮೂರ್ತಿಗಳು ಅವನ ಪರ, ಇಬ್ಬರು ವಿರುದ್ಧ. ಗಾಲ್ಫಿನ ತಿರುಳು ಚೆಂಡು ಹೊಡೆಯುವುದು, ನಡೆಯುವುದಲ್ಲ ಎಂದು ಕೋರ್ಟು ಹೇಳಿತು. ಆ ಕಾಲನ್ನು 2021ರಲ್ಲಿ ತೆಗೆಯಬೇಕಾಯಿತು.

ಕೋರ್ಟಿನ ತೀರ್ಪು ನ್ಯಾಯವೇ. ಆದರೂ ಎರಡೂ ಕಾಲು ನೆಟ್ಟಗಿರುವ ನಿನ್ನಂಥವನ ಮಟ್ಟಿಗೆ ನನ್ನ ತೀರ್ಪು ಬೇರೆ. ಗಾಡಿಯಲ್ಲಿ ಹೋದರೆ ಚೆಂಡಿನಿಂದ ಚೆಂಡಿಗೆ ಹೋಗುತ್ತೀಯ. ನಡೆದರೆ ನಡುವಿನದೂ ಸಿಗುತ್ತದೆ. ಕೆಟ್ಟ ಹೊಡೆತದ ಸಿಟ್ಟು ಇಳಿಯಲು ಇನ್ನೂರು ಗಜ ಬೇಕು. ನಿನ್ನ ಗೆಳೆಯನೊಬ್ಬ ಎರಡು ವರ್ಷದಿಂದ ಯಾಕೆ ಮಂಕಾಗಿದ್ದಾನೆ ಅನ್ನುವುದನ್ನು ಅವನು ಬಾಯಿಬಿಟ್ಟು ಹೇಳುವುದು ಊಟದ ಮೇಜಿನಲ್ಲಲ್ಲ, ಹನ್ನೆರಡನೆಯ ಫೇರ್‌ವೇಯಲ್ಲಿ, ಇಬ್ಬರೂ ಎದುರು ನೋಡುತ್ತ ನಡೆಯುವಾಗ. ನನ್ನ ಗೆಳೆಯ ತನ್ನ ಹೆಂಡತಿಯ ಕಾಯಿಲೆಯ ಸಂಗತಿ ನನಗೆ ಹೇಳಿದ್ದು ಹಾಗೆಯೇ. ಗಾಡಿಯಲ್ಲಿದ್ದಿದ್ದರೆ ಅಷ್ಟು ಹೊತ್ತಿಗೆ ಗ್ರೀನ್ ತಲುಪಿಬಿಟ್ಟಿರುತ್ತಿದ್ದೆವು.

ಮುಂದಿನ ವರ್ಷ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಅನ್ನುತ್ತಿದ್ದೀಯಲ್ಲ, ಒಂದೇ ಮಾತು. ಅಲ್ಲಿಯ ಓಲ್ಡ್ ಕೋರ್ಸ್ ಭಾನುವಾರ ಮುಚ್ಚಿರುತ್ತದೆ. ಊರ ಜನ ನಾಯಿ ಹಿಡಿದು, ಮಕ್ಕಳ ಕೈಹಿಡಿದು ಅದೇ ಹುಲ್ಲಿನ ಮೇಲೆ ಓಡಾಡುತ್ತಾರೆ. ವಾರದ ದಿನಗಳಿಗೆ ಎರಡು ದಿನ ಮುಂಚೆ ಚೀಟಿ ಎತ್ತುತ್ತಾರೆ, ಬಂದರೆ ಆಟ. ಆದ್ದರಿಂದ ಭಾನುವಾರವೂ ಸೇರುವ ಹಾಗೆ ದಿನ ಹಾಕಿಕೋ. ಚೀಟಿ ಬರದಿದ್ದರೂ ಅವತ್ತು ನಡೆದಾದರೂ ಬರಬಹುದು.

ಬ್ಯಾಂಡನ್ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿನಗೇ ಗೊತ್ತು. ಸ್ಯಾನ್ ಫ್ರಾನ್ಸಿಸ್ಕೊದಿಂದ ನಾರ್ತ್ ಬೆಂಡ್‌ಗೆ ಚಿಕ್ಕ ವಿಮಾನವಿದೆ, ಮಂಜು ಕವಿದರೆ ಅದನ್ನು ನಂಬಬೇಡ. ಕಾರಿನಲ್ಲಾದರೆ ಐನೂರು ಮೈಲಿಯ ಹತ್ತಿರ. ಇಳಿದ ದಿನವೇ ಆಡುವ ಯೋಚನೆ ಬಿಡು, ಕೂತು ಕೂತು ಮರಗಟ್ಟಿದ ಸೊಂಟಕ್ಕೆ ಒಂದು ರಾತ್ರಿ ಕೊಡು. ಪುಳಿಯೋಗರೆ ಗೊಜ್ಜು ಡಬ್ಬಿಯಲ್ಲಿ ಹಾಕಿಕೊಂಡು ಹೋಗು, ಎರಡನೆಯ ರಾತ್ರಿ ಉಳಿದ ಮೂವರೂ ನಿನ್ನ ಕಾಲಿಗೆ ಬೀಳುತ್ತಾರೆ. ಬರುವಾಗ ಆ ಊರಿನ ಕ್ರ್ಯಾನ್‌ಬೆರಿ ತಾ, ನಿಮ್ಮತ್ತೆ ಉಪ್ಪಿನಕಾಯಿ ಹಾಕಿ ನೋಡುತ್ತಾಳಂತೆ.

ಹೊಸ ಶೂ ಕೊಂಡಾಗಿದೆ ಅಂತ ಫೋಟೋ ಕಳಿಸಿದ್ದೀಯ. ಪೆಟ್ಟಿಗೆಯಲ್ಲಿ ಇಡಬೇಡ. ಇವತ್ತು ಸಂಜೆಯೇ ಅದನ್ನು ಹಾಕಿಕೊಂಡು ತರಕಾರಿ ತರಲು ನಡೆದು ಹೋಗು.