ರ‍್ಯಾಮ್ ಇಸಿಸಿಯದೇ, ಆದರೂ ಇಸಿಸಿ ಇಲ್ಲ!

ಪ್ರಶ್ನೆ: ಮನೆಯವರೆಲ್ಲರ ಫೋಟೋ, ಕಾಗದಪತ್ರ ಒಂದೇ ಕಡೆ ಇರಲೆಂದು ಒಂದು ಕಂಪ್ಯೂಟರನ್ನು ಫೈಲ್ ಸರ್ವರ್ ಮಾಡಿಕೊಂಡಿದ್ದೇನೆ. ಪ್ರೊಸೆಸರ್ ರೈಜೆನ್ 5 5600ಜಿ, ಲಿನಕ್ಸ್ ಹಾಕಿದ್ದೇನೆ. ಹೆಚ್ಚು ದುಡ್ಡು ಕೊಟ್ಟು ಇಸಿಸಿ (ಮೆಮೊರಿಯ ತಪ್ಪು ತಿದ್ದುವ ಸೌಲಭ್ಯ) ಇರುವ ಡಿಡಿಆರ್4 ರ‍್ಯಾಮ್ ತಂದೆ. ಡಿಎಂಐಡಿಕೋಡ್ ಓಡಿಸಿದರೆ 72 ಬಿಟ್ ಎಂದು ತೋರಿಸುತ್ತದೆ. ಕರ್ನಲ್ ಮಾತ್ರ ಇಸಿಸಿ ಇಲ್ಲ ಎನ್ನುತ್ತದೆ. ಯಾವುದನ್ನು ನಂಬಲಿ? ಅಂಗಡಿಯವರು ಟೋಪಿ ಹಾಕಿದರೇ?

ಉತ್ತರ: ಅಂಗಡಿಯವರನ್ನು ಬಯ್ಯಬೇಡಿ. ರ‍್ಯಾಮ್ ಬಹುಶಃ ಸರಿಯಾಗಿಯೇ ಇದೆ, ತಕರಾರಿರುವುದು ನಿಮ್ಮ ಪ್ರೊಸೆಸರ್ ಹೆಸರಿನ ಕೊನೆಯ ‘ಜಿ’ಯಲ್ಲಿ. ಆ ಸಾಲಿನಲ್ಲಿ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್‌ಗಳ ಪೈಕಿ ‘ಪ್ರೊ’ ಎಂಬ ಹೆಸರು ಹೊತ್ತವಕ್ಕೆ ಮಾತ್ರ ಇಸಿಸಿ ಉಂಟು. ನಂಬಬೇಕಾದ್ದು ಕರ್ನಲ್ಲನ್ನೇ.

72 ಎಲ್ಲಿಂದ ಬಂತು? ಸಾಮಾನ್ಯ ಡಿಡಿಆರ್4 ರ‍್ಯಾಮ್ ಒಮ್ಮೆಗೆ 64 ಬಿಟ್ ಮಾಹಿತಿ ಸಾಗಿಸುತ್ತದೆ. ಇಸಿಸಿ ರ‍್ಯಾಮ್‌ನಲ್ಲಿ ಅದರ ಜೊತೆಗೆ ತಾಳೆ ನೋಡಲು ಇನ್ನೂ 8 ಬಿಟ್ ಇರುತ್ತವೆ. ಇವುಗಳ ನೆರವಿನಿಂದ ಒಂದು ಬಿಟ್ ತಪ್ಪಿದರೆ ತಿದ್ದಬಹುದು, ಎರಡು ತಪ್ಪಿದರೆ ತಪ್ಪಾಗಿದೆ ಎಂದಾದರೂ ಹೇಳಬಹುದು. ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಲೆಕ್ಕಾಚಾರವೇ ಇದಕ್ಕೆ ತಳಹದಿ. ಆದರೆ ತಿದ್ದುವ ಕೆಲಸ ರ‍್ಯಾಮ್‌ನದಲ್ಲ, ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ನದು. ಅದು ಆ 8 ಬಿಟ್‌ಗಳತ್ತ ತಿರುಗಿ ನೋಡದಿದ್ದರೆ ನಿಮ್ಮ ದುಬಾರಿ ರ‍್ಯಾಮ್ ಮಾಮೂಲಿ ರ‍್ಯಾಮ್ ಆಗಿ ಸುಮ್ಮನೆ ಕೆಲಸ ಮಾಡಿಕೊಂಡಿರುತ್ತದೆ. ಎಷ್ಟೋ ಮದರ್‌ಬೋರ್ಡ್‌ಗಳ ಕೈಪಿಡಿಯಲ್ಲಿ ‘ಇಸಿಸಿ ರ‍್ಯಾಮ್ ಹಾಕಬಹುದು, ಇಸಿಸಿ ಇಲ್ಲದಂತೆ ನಡೆಯುತ್ತದೆ’ ಎಂಬರ್ಥದ ಸಾಲು ಸಣ್ಣಕ್ಷರದಲ್ಲಿರುತ್ತದೆ. ಪೆಟ್ಟಿಗೆಯ ಮೇಲೆ ‘ಇಸಿಸಿ ಬೆಂಬಲ’ ಎಂದಷ್ಟೇ ಅಚ್ಚಾಗಿರುತ್ತದೆ. ಇದನ್ನು ಜಾಣತನ ಎನ್ನಬೇಕೋ ಮೋಸ ಎನ್ನಬೇಕೋ ನೀವೇ ನಿರ್ಧರಿಸಿ.

ಡಿಎಂಐಡಿಕೋಡ್ ಸ್ವತಃ ಏನನ್ನೂ ಪರೀಕ್ಷಿಸುವುದಿಲ್ಲ. ಕಂಪ್ಯೂಟರ್ ಶುರುವಾಗುವಾಗ ಬಯೋಸ್ ಬರೆದಿಟ್ಟ ಪಟ್ಟಿಯನ್ನು ಓದಿ ಹೇಳುತ್ತದೆ, ಅಷ್ಟೆ. ಪಹಣಿಯಲ್ಲಿ ರಾಗಿ ಎಂದಿದ್ದರೂ ಹೊಲದಲ್ಲಿ ನೀಲಗಿರಿ ನಿಂತಿರುವುದಿಲ್ಲವೇ, ಹಾಗೆ. ಕರ್ನಲ್‌ನ ಇಡಿಎಸಿ ಎಂಬ ಭಾಗ ಮಾತ್ರ ನೇರವಾಗಿ ಕಂಟ್ರೋಲರ್‌ನ ರಿಜಿಸ್ಟರ್‌ಗಳನ್ನೇ ನೋಡಿ ಇಸಿಸಿ ಚಾಲೂ ಇದೆಯೇ ಎಂದು ತಿಳಿಯುತ್ತದೆ. ಚಾಲೂ ಇದ್ದರೆ, ತಿದ್ದಿದ ತಪ್ಪುಗಳಿಗೊಂದು, ತಿದ್ದಲಾಗದವಕ್ಕೊಂದು ಎಂದು ಎರಡು ಲೆಕ್ಕ ಇಡುತ್ತದೆ. ‘ರಾಸ್‌ಡೀಮನ್’ ಎಂಬ ತಂತ್ರಾಂಶ ಹಾಕಿಕೊಂಡರೆ ಆ ಲೆಕ್ಕ ದಿನಾಂಕ ಸಮೇತ ಉಳಿಯುತ್ತದೆ.

ಪ್ರೊಸೆಸರ್ ಸರಿಯಿದ್ದೂ ಇಸಿಸಿ ಕಾಣದವರು ಬಯೋಸ್‌ನಲ್ಲಿ ಇಸಿಸಿ ಆಯ್ಕೆ ಆಫ್ ಆಗಿದೆಯೇ ನೋಡಲಿ. ಎರಡು ಸ್ಟಿಕ್‌ಗಳಲ್ಲಿ ಒಂದು ಮಾಮೂಲಿಯದಾದರೆ ಇನ್ನೊಂದರ ಇಸಿಸಿಯೂ ವ್ಯರ್ಥ. ಸರ್ವರ್‌ಗಳಿಂದ ಕಳಚಿ ಸೆಕೆಂಡ್ ಹ್ಯಾಂಡ್ ಮಾರುವ ರಿಜಿಸ್ಟರ್ಡ್ ರ‍್ಯಾಮ್ ಅಗ್ಗವೆಂದು ತಂದರೆ ಇಂಥ ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ಅದು ನಡೆಯುವುದೇ ಇಲ್ಲ, ಅನ್‌ಬಫರ್ಡ್ ಇಸಿಸಿಯೇ ಬೇಕು. ಡಿಡಿಆರ್5ರ ಜಾಹೀರಾತಿನ ‘ಆನ್-ಡೈ ಇಸಿಸಿ’ಗೂ ಮರುಳಾಗಬೇಡಿ. ಅದು ಚಿಪ್‌ನ ಒಳಗಿನ ತಪ್ಪನ್ನು ಒಳಗೇ ತಿದ್ದಿಕೊಳ್ಳುತ್ತದೆ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ಎಡವಟ್ಟಿಗೆ ಅದರಿಂದ ರಕ್ಷಣೆಯಿಲ್ಲ. ಇಂಟೆಲ್‌ನವರದು ಇನ್ನೊಂದು ಕಟ್ಟಳೆ: 12ನೇ ತಲೆಮಾರಿನ ಕೋರ್ ಪ್ರೊಸೆಸರ್ ಕೊಂಡವರಿಗೆ ಇಸಿಸಿ ಬೇಕಾದರೆ ಡಬ್ಲ್ಯು680ರಂಥ ಚಿಪ್‌ಸೆಟ್ ಇರುವ ಬೋರ್ಡನ್ನೂ ಕೊಳ್ಳಬೇಕು.

ಇಷ್ಟೆಲ್ಲ ಒದ್ದಾಟ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ನಡೆದ ಚುನಾವಣೆಯ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಾಗಿ ಬಂದವು. 4096 ಎಂದರೆ 2ರ 12ನೇ ಘಾತ. ಪ್ರೋಗ್ರಾಮಿನಲ್ಲಿ ದೋಷ ಸಿಗಲಿಲ್ಲ. ಮೆಮೊರಿಯಲ್ಲಿ ಒಂದೇ ಒಂದು ಬಿಟ್ ತಾನಾಗಿ ಮಗುಚಿರಬೇಕು ಎಂದು ತೀರ್ಮಾನಿಸಿದರು. ಗೂಗಲ್‌ನ ಸರ್ವರ್‌ಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷವೊಂದರಲ್ಲಿ ಶೇ. 8ಕ್ಕೂ ಹೆಚ್ಚು ರ‍್ಯಾಮ್ ಸ್ಟಿಕ್‌ಗಳಲ್ಲಿ ತಪ್ಪು ಕಾಣಿಸಿಕೊಂಡಿತ್ತು. ವರ್ಷಗಟ್ಟಲೆ ಆಫ್ ಮಾಡದೆ ಫೈಲ್ ಕಾಯುವ ಯಂತ್ರಕ್ಕೆ ಇಸಿಸಿ ಹಾಕುವುದು ದುಂದುವೆಚ್ಚವಲ್ಲ ಎಂಬುದೇ ನನ್ನ ಅಭಿಪ್ರಾಯ. ಆಟಕ್ಕೆ, ಸಿನಿಮಾಕ್ಕೆ ಇಟ್ಟ ಕಂಪ್ಯೂಟರ್ ಆದರೆ ಬಿಟ್ಟುಬಿಡಿ.

ಹಾಗಾಗಿ ರ‍್ಯಾಮ್ ಹಿಂದಿರುಗಿಸಬೇಡಿ, ಪ್ರೊಸೆಸರ್ ಬದಲಿಸಿ. ಅದೇ ಸಾಕೆಟ್‌ಗೆ ಕೂರುವ, ‘ಜಿ’ ಇಲ್ಲದ ರೈಜೆನ್ 5 5600 ಆಗಬಹುದು, ಆದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಪರದೆಗೆ ಬೇರೆ ಕಾರ್ಡ್ ಬೇಕು. ಕಾರ್ಡ್ ಬೇಡವೆಂದರೆ ರೈಜೆನ್ 5 ಪ್ರೊ 5650ಜಿ ಹುಡುಕಿ. ಯಾವುದನ್ನೇ ಕೊಳ್ಳುವ ಮುಂಚೆ ನಿಮ್ಮ ಬೋರ್ಡ್ ತಯಾರಕರ ಜಾಲತಾಣದಲ್ಲಿ ಇಸಿಸಿ ಬಗ್ಗೆ ಏನಿದೆ, ಬಯೋಸ್ ಯಾವ ಆವೃತ್ತಿ ಬೇಕು ಎಂದು ಓದಿಕೊಳ್ಳಿ. ಬದಲಿಸಿದ ಮೇಲೆ ಇಡಿಎಸಿ ಲೆಕ್ಕ ಸೊನ್ನೆ ತೋರಿಸಿದರೆ ಗಾಬರಿ ಬೇಡ, ತಪ್ಪು ಇನ್ನೂ ಆಗಿಲ್ಲ ಎಂದಷ್ಟೇ ಅರ್ಥ. ಕೆಲವರು ರ‍್ಯಾಮ್‌ನ ವೇಗ ಬೇಕೆಂದೇ ಏರಿಸಿ, ತಪ್ಪು ಹುಟ್ಟಿಸಿ, ಲೆಕ್ಕ ಏರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ನೀವೂ ಮಾಡುವುದಾದರೆ ಮೊದಲು ಹಾರ್ಡ್‌ಡಿಸ್ಕ್‌ಗಳ ಕೇಬಲ್ ಕಿತ್ತಿಟ್ಟು, ಪೆನ್‌ಡ್ರೈವ್‌ನಿಂದ ಲಿನಕ್ಸ್ ಶುರು ಮಾಡಿ.