ಸಂಕಲ್ಪ ಮತ್ತು ಅಭ್ಯಾಸ: ವಿಲಿಯಂ ಜೇಮ್ಸ್ ಬದುಕಿನ ಪಾಠ

ಜ್ವರ ಬಂದರೆ ನಾವು ಸಂಕೋಚವಿಲ್ಲದೆ ವೈದ್ಯರ ಬಳಿಗೆ ಹೋಗುತ್ತೇವೆ. ಮನಸ್ಸು ಕುಗ್ಗಿದರೆ ಮಾತ್ರ ಅದನ್ನು ದೌರ್ಬಲ್ಯವೆಂದು ಬಗೆದು ಮರೆಮಾಚುತ್ತೇವೆ. ಅಮೆರಿಕದಲ್ಲಿ ಆಧುನಿಕ ಮನಃಶಾಸ್ತ್ರಕ್ಕೆ ಅಡಿಪಾಯ ಹಾಕಿದ ವಿಲಿಯಂ ಜೇಮ್ಸ್ ಅವರೂ ತಾರುಣ್ಯದಲ್ಲಿ ಇದೇ ನೋವನ್ನು ಉಂಡವರು ಎಂಬುದನ್ನು ನಾವು ಅರಿಯಬೇಕು.

1842ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಜೇಮ್ಸ್, ಮೊದಲು ಚಿತ್ರಕಲೆಯನ್ನು ಕಲಿತು, ಬಳಿಕ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ 1869ರಲ್ಲಿ ವೈದ್ಯ ಪದವಿ ಪಡೆದರು. ಆದರೆ ವೈದ್ಯವೃತ್ತಿಯನ್ನು ಕೈಗೊಳ್ಳಲಿಲ್ಲ. ಬೆನ್ನುನೋವು, ಕಣ್ಣಿನ ತೊಂದರೆಗಳ ಜೊತೆಗೆ ಗಾಢವಾದ ವಿಷಾದ ಅವರನ್ನು ಆವರಿಸಿತ್ತು. ಮನುಷ್ಯನ ನಡೆಯೆಲ್ಲ ಮೊದಲೇ ನಿಶ್ಚಿತವಾಗಿದ್ದರೆ ಪ್ರಯತ್ನಕ್ಕೆ ಅರ್ಥವೇನು ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. 1870ರ ಏಪ್ರಿಲ್ ತಿಂಗಳಲ್ಲಿ ಫ್ರೆಂಚ್ ತತ್ತ್ವಜ್ಞಾನಿ ರೆನೂವಿಯೇ ಅವರ ಪ್ರಬಂಧವನ್ನು ಓದಿದ ಅವರು, ಮನುಷ್ಯನ ಸಂಕಲ್ಪ ಸ್ವತಂತ್ರವೆಂದು ನಂಬುವುದೇ ತಮ್ಮ ಮೊದಲ ಸ್ವತಂತ್ರ ಕಾರ್ಯವಾಗಲಿ ಎಂಬ ಆಶಯವನ್ನು ದಿನಚರಿಯಲ್ಲಿ ಬರೆದುಕೊಂಡರು. ಬೇನೆ ಒಂದೇ ದಿನದಲ್ಲಿ ನೀಗಲಿಲ್ಲ. ಮುಂದೆಯೂ ಆಗಾಗ ಮರುಕಳಿಸಿತು. ಆದರೆ ನಡೆಯಲು ಒಂದು ದಾರಿ ದೊರೆಯಿತು.

ಮುಂದೆ ಹಾರ್ವರ್ಡಿನಲ್ಲಿಯೇ ಅಧ್ಯಾಪಕರಾದ ಜೇಮ್ಸ್, ಸುಮಾರು 12 ವರ್ಷ ಶ್ರಮಿಸಿ 1890ರಲ್ಲಿ ಮನಃಶಾಸ್ತ್ರದ ತತ್ತ್ವಗಳನ್ನು ಕುರಿತ ಮಹಾಗ್ರಂಥವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅದರಲ್ಲಿ ಅಭ್ಯಾಸವನ್ನು ಕುರಿತ ಅಧ್ಯಾಯ ನಮ್ಮೆಲ್ಲರಿಗೂ ಉಪಯುಕ್ತವಾದುದು. ಹರಿಯುವ ನೀರು ತನ್ನ ಕಾಲುವೆಯನ್ನು ತಾನೇ ಆಳಗೊಳಿಸುವಂತೆ, ಮಾಡಿದ ಕಾರ್ಯವನ್ನೇ ಮತ್ತೆ ಮತ್ತೆ ಮಾಡಿದಾಗ ನರಮಂಡಲದಲ್ಲಿ ಅದಕ್ಕೆ ಹಾದಿ ಸುಗಮವಾಗುತ್ತದೆ ಎಂದು ಅವರು ವಿವರಿಸಿದರು.

ಅವರು ಹೇಳಿದ ನಿಯಮಗಳು ಸರಳವಾಗಿವೆ. ಹೊಸ ಅಭ್ಯಾಸವನ್ನು ದೃಢಸಂಕಲ್ಪದಿಂದ ಆರಂಭಿಸಬೇಕು. ಅದು ಬೇರೂರುವವರೆಗೆ ಒಮ್ಮೆಯೂ ತಪ್ಪಿಸಬಾರದು. ಸುತ್ತುತ್ತಿರುವ ದಾರದ ಉಂಡೆ ಒಮ್ಮೆ ಕೈಜಾರಿದರೆ ಸುತ್ತಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಕೈಗೊಂಡ ನಿರ್ಧಾರವನ್ನು ದೊರೆತ ಮೊದಲ ಅವಕಾಶದಲ್ಲಿಯೇ ಆಚರಣೆಗೆ ತರಬೇಕು. ಸುಲಭವಲ್ಲದ ಒಂದು ಸಣ್ಣ ಕೆಲಸವನ್ನು ದಿನವೂ ಮಾಡಿ ಪ್ರಯತ್ನಶಕ್ತಿಯನ್ನು ಜಾಗೃತವಾಗಿರಿಸಿಕೊಳ್ಳಬೇಕು.

ಇದರಿಂದ ಸಂಕಲ್ಪವೊಂದೇ ಸಾಕು, ಔಷಧ ಬೇಡ ಎಂದು ನಾವು ತಿಳಿಯಬಾರದು. ನಿದ್ರೆ, ಹಸಿವು, ಬದುಕಿನ ಆಸೆ ಕುಂದುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನೊಂದವರಿಗೆ ‘ಮನಸ್ಸು ಗಟ್ಟಿ ಮಾಡಿಕೊ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳದೆ, ಅವರ ಜೊತೆಗೆ ಆಸ್ಪತ್ರೆಯವರೆಗೆ ನಡೆಯುವುದು ಮನೆಯವರೆಲ್ಲರ ಕರ್ತವ್ಯ. 1910ರಲ್ಲಿ ನಿಧನರಾದ ಜೇಮ್ಸ್ ಅವರ ಬದುಕು ನಮಗೆ ತಿಳಿಸುವುದಿಷ್ಟು: ಕುಗ್ಗಿದ ಮನಸ್ಸು ಅಪರಾಧವಲ್ಲ, ಅದು ಮತ್ತೆ ಏಳಬಲ್ಲದು, ದಿನಕ್ಕೊಂದು ಹೆಜ್ಜೆಯಿಟ್ಟು.