ಪದರ ಕಲಿಸಿದ ಹಸೆ ಚಿತ್ತಾರ

ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ 8ನೇ ತರಗತಿಗೆ ಡಿಜಿಟಲ್ ಚಿತ್ರಕಲೆಯ ಪಾಠ ಮಾಡಿದೆ. ಬಳಸಿದ್ದು ಕ್ರಿತಾ ಎಂಬ ಉಚಿತ ತಂತ್ರಾಂಶ. ಮೊದಲ ದಿನ ಕುಂಚ, ಬಣ್ಣ, ಪದರಗಳನ್ನು ತೋರಿಸಿ, "ಇಷ್ಟವಾದದ್ದನ್ನು ಬರೆಯಿರಿ" ಎಂದೆ. ಒಬ್ಬ ವಿದ್ಯಾರ್ಥಿನಿ ಗೆರೆ ಎಳೆಯುವಳು, ಕಂಟ್ರೋಲ್ ಝೆಡ್ ಒತ್ತಿ ಅಳಿಸುವಳು. ಗಂಟೆ ಹೊಡೆದಾಗ ಪರದೆ ಖಾಲಿ. "ನಂಗೆ ಚಿತ್ರ ಬರಲ್ಲ ಟೀಚರ್" ಎಂದಳು.

ತಪ್ಪು ನನ್ನ ಪಾಠಯೋಜನೆಯಲ್ಲಿತ್ತು. ಅದರಲ್ಲಿ ಸಾಧನಗಳ ಪಟ್ಟಿಯಿತ್ತು. ಏನನ್ನು ಬರೆಯುವುದು ಎಂಬ ಯೋಚನೆಗೆ ಜಾಗವಿರಲಿಲ್ಲ. ಮರುದಿನಕ್ಕೆ ಮನೆಯಲ್ಲಿ ಕಂಡ ಒಂದು ವಿನ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದು ತರಲು ಹೇಳಿದೆ. ಅವಳು ತಂದದ್ದು ಮದುವೆಗೆಂದು ಅಜ್ಜಿ ಗೋಡೆಯ ಮೇಲೆ ಬರೆದ ಹಸೆ ಚಿತ್ತಾರ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ ಎಲ್ಲವನ್ನೂ ಅವಳೇ ತರಗತಿಗೆ ವಿವರಿಸಿದಳು.

ಬಳಿಕ ಕೆಳಪದರಕ್ಕೆ ಕೆಮ್ಮಣ್ಣಿನ ಬಣ್ಣ ತುಂಬಿ, ಮೇಲಿನ ಪದರದಲ್ಲಿ ಬಿಳಿ ಗೆರೆ ಎಳೆದಳು. ಪದರವೆಂದರೇನು ಎಂದು ಮತ್ತೆ ಹೇಳಬೇಕಾಗಲಿಲ್ಲ. ಮಲ್ಟಿಬ್ರಷ್ ಸಾಧನದಿಂದ ಅರ್ಧ ಬರೆದರೆ ಉಳಿದರ್ಧ ಕನ್ನಡಿಯಂತೆ ಮೂಡುವುದನ್ನು ತೋರಿಸಿದೆ. ಸ್ವಲ್ಪ ಹೊತ್ತು ಬಳಸಿ ಬಿಟ್ಟಳು. "ಅಜ್ಜಿ ಗೆರೆ ಇಷ್ಟು ಒಂದೇ ಥರ ಇರಲ್ಲ ಟೀಚರ್." ಡೊಂಕಾದ ಗೆರೆಗಳನ್ನು ಈ ಸಲ ಅಳಿಸಲಿಲ್ಲ.

ಮೌಲ್ಯಮಾಪನದಲ್ಲಿ ಸಾಧನ ಬಳಕೆಯ ಜೊತೆಗೆ, ಯಾವುದನ್ನು ಏಕೆ ಆರಿಸಿದೆ ಅಥವಾ ಬಿಟ್ಟೆ ಎಂದು ಹೇಳುವುದಕ್ಕೂ ಅಂಕ ಕೊಟ್ಟೆ. ಸಹ ಪ್ರಶಿಕ್ಷಣಾರ್ಥಿಗಳು ಈ ಪಾಠ ಮಾಡುವಾಗ ಮೊದಲು ಮಗುವಿನ ಕೈಗೆ ವಸ್ತು ಸಿಗಲಿ. ಸಾಧನಗಳ ಪರಿಚಯ ಆಮೇಲೆ, ಬೇಕಾದಷ್ಟೇ ಸಾಕು.